ಸೊಕೊಟೊದ ನಾನಾ ಅಸ್ಮಾ ಮತ್ತು ಊರೂರಿನ ಶಿಕ್ಷಕಿಯರು

ಅದು 1780ರ ದಶಕ. ಇಂದಿನ ನೈಜೀರಿಯಾದ ವಾಯವ್ಯ ಮೂಲೆಯಲ್ಲಿರುವ ಜಂಫಾರಾ ಪ್ರದೇಶದಲ್ಲಿ ಉಸ್ಮಾನ್ ದಾನ್ ಫೋದಿಯೊ ಎಂಬ ಯುವ ವಿದ್ವಾಂಸರು ಹಳ್ಳಿಯಿಂದ ಹಳ್ಳಿಗೆ ಹೋಗಿ ದೀನ್ ಕಲಿಸುತ್ತಿದ್ದರು. ಅವರ ಸಭೆಗೆ ಗಂಡಸರಂತೆ ಹೆಂಗಸರೂ ಬರುತ್ತಿದ್ದರು. ಇದು ಪಕ್ಕದ ಬೋರ್ನು ರಾಜ್ಯದ ಮುಸ್ತಫಾ ಗೋನಿ ಎಂಬ ವಿದ್ವಾಂಸರಿಗೆ ಹಿಡಿಸಲಿಲ್ಲ. ನಿಮ್ಮ ಸಭೆಗೆ ಹೆಂಗಸರು ಬರುವುದನ್ನು ನಿಲ್ಲಿಸಿ ಎಂದು ಅವರು ಅರಬಿ ಪದ್ಯದಲ್ಲೇ ಬರೆದು ಕಳುಹಿಸಿದರು. ಉಸ್ಮಾನರು ಅದನ್ನು ತಮ್ಮನ ಕೈಗೆ ಕೊಟ್ಟು, ನೀನೇ ಉತ್ತರ ಬರೆ ಎಂದರು. ತಮ್ಮ ಅಬ್ದುಲ್ಲಾಹಿ ಅದೇ ಛಂದಸ್ಸಿನಲ್ಲಿ ಉತ್ತರ ಬರೆದರು. ಅದರ ಸಾರಾಂಶ ಹೀಗೆ: ಗಂಡಸರು ಹೆಂಗಸರು ಬೆರೆಯುವುದು ಕೆಡುಕೆಂಬುದನ್ನು ನಾವೂ ಒಪ್ಪುತ್ತೇವೆ. ಆದರೆ ಅವರನ್ನು ದೀನ್ ಅರಿಯದ ಅಜ್ಞಾನದಲ್ಲಿ ಬಿಟ್ಟುಬಿಡುವುದು ಅದಕ್ಕಿಂತ ದೊಡ್ಡ ಕೆಡುಕು. ಎರಡು ಕೆಡುಕುಗಳಲ್ಲಿ ಸಣ್ಣದನ್ನು ಸಹಿಸಿಕೊಂಡು ದೊಡ್ಡದನ್ನು ತಡೆಯುವುದು ಶರೀಅತ್‌ನ ನಿಯಮ.

ಓದುಗರಲ್ಲಿ ಅನೇಕರಿಗೆ ಈ ಚರ್ಚೆ ಹೊಸದೆನಿಸಲಿಕ್ಕಿಲ್ಲ. ಮಸೀದಿಯ ಮೇಲಂತಸ್ತಿನಲ್ಲಿ ಮಹಿಳೆಯರಿಗೆ ಜಾಗ ಬೇಕೇ, ರಮಝಾನಿನ ತರಗತಿಗೆ ಅವರನ್ನು ಕರೆಯಬೇಕೇ ಎಂಬ ಮಾತು ಬಂದಾಗಲೆಲ್ಲ ಮುಸ್ತಫಾ ಗೋನಿಯವರ ಆಕ್ಷೇಪವೇ ಬೇರೆ ಬೇರೆ ಬಾಯಿಗಳಿಂದ ನಮಗೆ ಕೇಳಿಬರುತ್ತದೆ. ಅಬ್ದುಲ್ಲಾಹಿಯವರ ಉತ್ತರ ಕೇಳಿಬರುವುದು ಮಾತ್ರ ಅಪರೂಪ. ಆ ಉತ್ತರ ಬರೇ ಪದ್ಯವಾಗಿ ಉಳಿಯಲಿಲ್ಲ, ಅದೇ ಮನೆಯಲ್ಲಿ ಹುಟ್ಟಿದ ಒಬ್ಬ ಹೆಣ್ಣುಮಗಳ ಬದುಕಾಗಿ ಬೆಳೆಯಿತು. ಈ ತಿಂಗಳು ನಾವು ಹೇಳಹೊರಟಿರುವುದು ಅವರ ಕಥೆ.

1793ರಲ್ಲಿ ಗೋಬಿರ್ ರಾಜ್ಯದ ದೆಗೆಲ್ ಎಂಬ ಪುಟ್ಟ ಹಳ್ಳಿಯಲ್ಲಿ ಉಸ್ಮಾನರಿಗೆ ಅವಳಿ ಮಕ್ಕಳಾದವು, ಒಂದು ಗಂಡು, ಒಂದು ಹೆಣ್ಣು. ಆ ಸೀಮೆಯಲ್ಲಿ ಅವಳಿಗಳಿಗೆ ಹಸನ್, ಹುಸೈನ್ ಎಂದು ಹೆಸರಿಡುವುದು ವಾಡಿಕೆ, ಹೆಣ್ಣಾದರೆ ಹುಸೈನಾ. ಗಂಡುಮಗುವಿಗೆ ಹಸನ್ ಎಂದೇ ಹೆಸರಿಟ್ಟರು. ಹೆಣ್ಣುಮಗುವಿಗೆ ಮಾತ್ರ ವಾಡಿಕೆ ಮುರಿದು ಅಸ್ಮಾ ಎಂದು ಕರೆದರು. ಹಿಜ್ರಾದ ಹೊತ್ತಿನಲ್ಲಿ ಸೌರ್ ಗುಹೆಯಲ್ಲಿದ್ದ ಪ್ರವಾದಿ(ಸ)ಯವರಿಗೂ ತಮ್ಮ ತಂದೆಗೂ ಬುತ್ತಿ ಒದಗಿಸಿದ, ಸೊಂಟಪಟ್ಟಿಯನ್ನು ಎರಡಾಗಿ ಸೀಳಿ ಬುತ್ತಿ ಕಟ್ಟಿದ ಅಸ್ಮಾ ಬಿನ್ತ್ ಅಬೂಬಕರ್(ರ) ಅವರ ಹೆಸರು ಅದು. ತಂದೆಯ ಮನಸ್ಸಿನಲ್ಲಿ ಏನಿತ್ತೋ ಅಲ್ಲಾಹನೇ ಬಲ್ಲ. ಹನ್ನೊಂದು ವರ್ಷಗಳ ನಂತರ ಆ ಮಗುವೂ ಒಂದು ಹಿಜ್ರಾದಲ್ಲಿ ನಡೆಯಬೇಕಾಯಿತು. 'ನಾನಾ' ಎಂಬುದು ಅಲ್ಲಿ ಗೌರವದಿಂದ ಕೂಡಿಸುವ ಮಾತು. ಹೌಸಾ ಜನ ಅವರನ್ನು ಇಂದಿಗೂ ನಾನಾ ಅಸ್ಮಾಉ ಎನ್ನುತ್ತಾರೆ.

ತಾಯಿ ಮೈಮೂನಾ ಬೇಗನೆ ತೀರಿಕೊಂಡರು. ಅಸ್ಮಾರನ್ನು ಬೆಳೆಸಿದ್ದು ತಂದೆಯ ಇತರ ಪತ್ನಿಯರಾದ ಆಇಶಾ ಮತ್ತು ಹವ್ವಾ. ಆ ಮನೆಯಲ್ಲಿ ಹೆಂಗಸರು ಓದು ಬಲ್ಲವರಾಗಿದ್ದರು, ತಲೆಮಾರುಗಳಿಂದಲೂ. ಪುಲಾನಿಗಳಲ್ಲಿ ವಿದ್ವತ್ತಿನ ಮನೆತನಗಳೇ ಇದ್ದವು, ಅಲ್ಲಿ ಅಜ್ಜಿ ಮೊಮ್ಮಕ್ಕಳಿಗೆ ಕುರ್‌ಆನ್ ಕಲಿಸುವುದು ವಿಶೇಷವೇನಲ್ಲ. ಅಸ್ಮಾ ಮನೆಮಾತಾದ ಫುಲ್ಫುಲ್ಡೆಯನ್ನಲ್ಲದೆ ಅರಬಿ, ಹೌಸಾ, ತುವಾರೆಗ್ ಜನರ ತಮಾಶೆಕ್ ಭಾಷೆಗಳನ್ನೂ ಕಲಿತರು. ಅಕ್ಕ ಖದೀಜಾ ಕೂಡ ವಿದುಷಿ. ಮಾಲಿಕೀ ಫಿಕ್ಹ್‌ನ ಪ್ರಸಿದ್ಧ ಗ್ರಂಥವಾದ ಖಲೀಲರ 'ಮುಖ್ತಸರ್' ಅನ್ನು ಫುಲ್ಫುಲ್ಡೆಗೆ ತಂದದ್ದು ಅವರೇ. ತಂದೆ ಉಸ್ಮಾನರಂತೂ ತಮ್ಮ ಬರಹಗಳಲ್ಲಿ ಆ ಕಾಲದ ಉಲಮಾಗಳನ್ನು ನೇರವಾಗಿ ತರಾಟೆಗೆ ತೆಗೆದುಕೊಂಡಿದ್ದಾರೆ. ಹೊರಗಿನ ಶಿಷ್ಯರಿಗೆ ಹಗಲು ರಾತ್ರಿ ಪಾಠ ಹೇಳುತ್ತಾರೆ, ಸ್ವಂತ ಹೆಂಡತಿ ಮಕ್ಕಳನ್ನು ಮಾತ್ರ ಒಡೆಯುವವರೆಗೆ ಬಳಸಿ ಎಸೆಯುವ ಪಾತ್ರೆಗಳಂತೆ ಇಟ್ಟುಕೊಳ್ಳುತ್ತಾರೆ ಎಂಬ ಅರ್ಥದ ಮಾತು ಅವರದ್ದು. ಮದ್ರಸದಲ್ಲಿ ಇನ್ನೊಬ್ಬರ ಮಕ್ಕಳಿಗೆ ಪಾಠ ಹೇಳಿ ದಣಿದು ಮನೆಗೆ ಮರಳುವ ಪ್ರತಿಯೊಬ್ಬ ಉಸ್ತಾದರಿಗೂ ಇದು ನಾಟುವ ಮಾತು ಎಂದೇ ನಮ್ಮ ಅನಿಸಿಕೆ.

1804ರ ಫೆಬ್ರವರಿಯಲ್ಲಿ ಗೋಬಿರಿನ ಅರಸ ಯುನ್ಫಾನ ಜೊತೆಗಿನ ವೈಷಮ್ಯ ಮಿತಿಮೀರಿತು. ಅದಕ್ಕೂ ಕೆಲವು ವರ್ಷ ಮೊದಲೇ ಆ ರಾಜ್ಯದಲ್ಲಿ ಮುಸ್ಲಿಮ್ ಗಂಡಸರು ಮುಂಡಾಸು ಸುತ್ತುವುದಕ್ಕೂ ಹೆಂಗಸರು ತಲೆವಸ್ತ್ರ ಹೊದೆಯುವುದಕ್ಕೂ ನಿಷೇಧ ಬಂದಿತ್ತು. ಉಸ್ಮಾನರ ಇಡೀ ಜಮಾಅತ್ ದೆಗೆಲ್ ಬಿಟ್ಟು ಗುದು ಎಂಬಲ್ಲಿಗೆ ಹೊರಟಿತು. ಮುಂದಿನ ನಾಲ್ಕೈದು ವರ್ಷ ಯುದ್ಧ, ಹಸಿವು, ಅಲೆದಾಟ. ಅದೇ ವರ್ಷದ ಕೊನೆಯಲ್ಲಿ ಸುನ್‌ಸುವಾದಲ್ಲಿ ಆದ ಸೋಲಿನಲ್ಲಿ ಸುಮಾರು 2000 ಮಂದಿ ಹತರಾದರೆಂದೂ ಅವರಲ್ಲಿ 200 ಮಂದಿ ಕುರ್‌ಆನ್ ಕಂಠಪಾಠ ಮಾಡಿದ ಹಾಫಿಝರೆಂದೂ ಇತಿಹಾಸ ದಾಖಲಿಸಿದೆ. ಈ ಒಂದು ಅಂಕೆಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಒಂದು ಸಮುದಾಯ ಒಂದೇ ದಿನ 200 ಶಿಕ್ಷಕರನ್ನು ಕಳೆದುಕೊಂಡರೆ ಮುಂದೆ ಕಲಿಸುವವರು ಯಾರು?

ಯುದ್ಧದ ನಡುವೆಯೇ, ಸುಮಾರು 1807ರಲ್ಲಿ, ಅಸ್ಮಾರ ನಿಕಾಹ್ ಗಿದಾದೊ ಅವರೊಂದಿಗೆ ನಡೆಯಿತು. ಗಿದಾದೊ ವಯಸ್ಸಿನಲ್ಲಿ ಬಹಳ ಹಿರಿಯರು, ಅಸ್ಮಾರ ಅಣ್ಣ ಮುಹಮ್ಮದ್ ಬೆಲ್ಲೋ ಅವರ ಆಪ್ತ ಗೆಳೆಯ. 1808ರಲ್ಲಿ ಗೋಬಿರಿನ ರಾಜಧಾನಿ ಅಲ್ಕಲಾವಾ ಬಿತ್ತು. ಅದನ್ನು ಸುಡಲು ಅಸ್ಮಾ ದೂರದಿಂದಲೇ ಅಣ್ಣನ ಕಡೆಗೆ ಉರಿಯುವ ಕೊಳ್ಳಿ ಎಸೆದರು, ಅದು ಪವಾಡದಂತೆ ಅಲ್ಲಿಗೆ ತಲುಪಿತು ಎಂದು ಜನ ಕಥೆ ಹೇಳುತ್ತಾರೆ. ಅದು ಜನಪದರ ಪ್ರೀತಿಯ ಕಲ್ಪನೆ ಅಷ್ಟೇ. ಅಸ್ಮಾರ ನಿಜವಾದ ಕೆಲಸ ಶುರುವಾದದ್ದು ಯುದ್ಧ ಮುಗಿದ ಮೇಲೆ, ಅದಕ್ಕೆ ಯಾವ ಪವಾಡವೂ ಬೇಕಾಗಲಿಲ್ಲ.

1809ರಲ್ಲಿ ಬೆಲ್ಲೋ ಅವರು ಸೊಕೊಟೊ ನಗರವನ್ನು ಕಟ್ಟಿಸಿದರು. 1817ರಲ್ಲಿ ಉಸ್ಮಾನರು ತೀರಿಕೊಂಡಾಗ ಬೆಲ್ಲೋ ಖಲೀಫರಾದರು, ಗಿದಾದೊ ಅವರ ವಝೀರ್. 1824ರಲ್ಲಿ ಸೊಕೊಟೊಗೆ ಬಂದ ಬ್ರಿಟಿಷ್ ಸರ್ಕಾರದ ಪ್ರವಾಸಿ ಕ್ಲ್ಯಾಪರ್ಟನ್‌ಗೆ ಆತಿಥ್ಯ ನೀಡಿದ್ದೂ ಇದೇ ಗಿದಾದೊ. ಹೊಸ ರಾಜ್ಯ ದೊಡ್ಡದು, ಹಲವು ಅಮೀರರ ಪ್ರಾಂತ್ಯಗಳು ಅದರೊಳಗೆ. ಆದರೆ ಸುತ್ತಲಿನ ಹಳ್ಳಿಗಳ ಸ್ಥಿತಿ ಏನಿತ್ತು? ಗೋಬಿರ್, ಜಂಫಾರಾಗಳಿಂದ ಯುದ್ಧದಲ್ಲಿ ಸೆರೆಯಾದ ಹೆಂಗಸರು ಮನೆಮನೆಗಳಲ್ಲಿ ತುಂಬಿದ್ದರು. ಅವರಲ್ಲಿ ಹಲವರಿಗೆ ನಮಾಝ್ ಗೊತ್ತಿರಲಿಲ್ಲ, ಅರಬಿಯ ಮಾತಂತೂ ದೂರ. ಮಗುವಿಗೆ ಜ್ವರ ಬಂದರೆ, ಬಂಜೆತನ ಕಾಡಿದರೆ ಅವರು ಓಡುತ್ತಿದ್ದುದು ಬೋರಿ ಎಂಬ ಭೂತಾರಾಧನೆಯ ಕಡೆಗೆ. ಅದರಲ್ಲಿ ಭೂತ ಮೈಮೇಲೆ ಬಂದವರು ನುಡಿ ಹೇಳುತ್ತಾರೆ, ಪರಿಹಾರ ಸೂಚಿಸುತ್ತಾರೆ. ಗೋಬಿರಿನಲ್ಲಿ ಈ ಬೋರಿಯ ಯಜಮಾನಿಗೆ 'ಇನ್ನಾ' ಎಂಬ ಬಿರುದು, ರಾಜಮನೆತನದ ಹೆಣ್ಣುಮಗಳು ಅವಳು.

ಇಂಥ ಹೆಂಗಸರಿಗೆ ಖುತ್ಬಾ ತಲುಪುವುದಿಲ್ಲ. ಗ್ರಂಥವೂ ತಲುಪುವುದಿಲ್ಲ. ಗಂಡಸರಾದ ಉಸ್ತಾದರು ಮನೆಯೊಳಗೆ ಕಾಲಿಡುವಂತಿಲ್ಲ. ಸಣ್ಣ ಮಕ್ಕಳ ತಾಯಂದಿರು ಮನೆ ಬಿಟ್ಟು ಹೊರಡುವಂತಿಲ್ಲ. ಅಸ್ಮಾ ಈ ಗಂಟನ್ನು ಬಿಡಿಸಿದ ಬಗೆಯನ್ನು ನಾವು ಸ್ವಲ್ಪ ವಿವರವಾಗಿ ನೋಡಬೇಕು.

ಮೊದಲನೆಯದಾಗಿ, ಅವರು ಪಾಠವನ್ನು ಹಾಡಾಗಿಸಿದರು. ಹೌಸಾ ಮತ್ತು ಫುಲ್ಫುಲ್ಡೆ ಭಾಷೆಗಳನ್ನು ಅರಬಿ ಅಕ್ಷರಗಳಲ್ಲಿ ಬರೆಯುವುದಕ್ಕೆ ಅಜಮಿ ಎಂದು ಹೆಸರು. ಭಟ್ಕಳದ ನವಾಯತರು ನವಾಯತಿಯನ್ನು ಅರಬಿ ಮೂಲದ ಲಿಪಿಯಲ್ಲಿ ಬರೆದಂತೆ ಎಂದರೆ ನಮ್ಮ ಕರಾವಳಿಯ ಓದುಗರಿಗೆ ಥಟ್ಟನೆ ಹೊಳೆಯಬಹುದು. ವುಝೂ, ನಮಾಝ್, ಉಪವಾಸ, ಝಕಾತ್, ಪ್ರವಾದಿ(ಸ)ಯವರ ಜೀವನ, ಕಿಯಾಮತ್ ದಿನದ ಲೆಕ್ಕಾಚಾರ ಎಲ್ಲವೂ ಅವರ ಕೈಯಲ್ಲಿ ಪ್ರಾಸಬದ್ಧ ಪದ್ಯಗಳಾದವು. ಅಕ್ಷರ ಬಾರದವಳೂ ಜೋಳ ಕುಟ್ಟುತ್ತ ಹಾಡಿಕೊಳ್ಳಬಹುದು, ಒಂದು ಸಾಲು ಮರೆತರೆ ಪ್ರಾಸವೇ ನೆನಪಿಸುತ್ತದೆ. ವಿದ್ವಾಂಸರಿಗೆ ಬರೆಯುವಾಗ ಅರಬಿ, ಸ್ವಜನರಿಗೆ ಫುಲ್ಫುಲ್ಡೆ, ಸಾಮಾನ್ಯ ಜನರಿಗೆ ಹೌಸಾ. ಹೀಗೆ ಯಾರಿಗೆ ಯಾವ ಭಾಷೆ ಎಂಬ ಬಗ್ಗೆ ಅವರಿಗೆ ಸ್ಪಷ್ಟತೆ ಇತ್ತು. 'ಅಶ್ಶರ್ಹ್' ಸೂರಾದಲ್ಲಿ ಕಷ್ಟದೊಂದಿಗೆ ನಿರಾಳತೆಯ ಭರವಸೆ ನೀಡುವ ವಚನವಿದೆಯಲ್ಲ, ಅದರ ಒಂದೊಂದೇ ಅಕ್ಷರದಿಂದ ಸಾಲುಗಳು ಆರಂಭವಾಗುವಂತೆ ಹೆಣೆದ ಅವರ ಕವಿತೆಯೂ ಇದೆ. ಆದರೆ ಆ ಬಗೆಯ ಪಾಂಡಿತ್ಯವನ್ನು ಅವರು ಹಳ್ಳಿಯ ಹೆಂಗಸರ ಮುಂದೆ ಹರಡಲಿಲ್ಲ. ಹೌಸಾ ಪದ್ಯಗಳ ಮಾತು ಸರಳ.

ಎರಡನೆಯದು 'ಯನ್ ತಾರು'. ಒಟ್ಟುಗೂಡಿದವರು ಎಂದು ಅದರ ಅರ್ಥ. ಪ್ರತಿ ಹಳ್ಳಿಯಲ್ಲೂ ಮಹಿಳೆಯರ ಒಂದು ಗುಂಪು, ಅದಕ್ಕೊಬ್ಬಳು ನಾಯಕಿ. ಅವಳ ಹೆಸರು 'ಜಾಜಿ', ಹೌಸಾದಲ್ಲಿ ವರ್ತಕರ ತಂಡವನ್ನು ದಾರಿ ತಪ್ಪದಂತೆ ನಡೆಸುವ ಮುಂದಾಳುವಿಗೆ ಸಲ್ಲುವ ಮಾತು. ಈ ಗುಂಪಿನಲ್ಲಿ ಸೊಕೊಟೊಗೆ ಪ್ರಯಾಣ ಹೊರಡುತ್ತಿದ್ದವರು ಯಾರು ಎಂಬುದು ಗಮನಾರ್ಹ. ಹೆರುವ ಪ್ರಾಯ ದಾಟಿದ ಹಿರಿಯ ಹೆಂಗಸರು ಮತ್ತು ಮದುವೆಯ ಪ್ರಾಯಕ್ಕೆ ಬಾರದ ಹುಡುಗಿಯರು. ನಡುವಿನವರು, ಅಂದರೆ ಮಡಿಲಲ್ಲಿ ಕೂಸಿರುವವರು, ಊರಲ್ಲೇ ಉಳಿಯುತ್ತಾರೆ. ಹಾಡುತ್ತ ನಡೆದುಬರುವ ಈ ತಂಡಗಳು ಗಿದಾದೊ ಅವರ ಮನೆಯಲ್ಲಿ ಅಸ್ಮಾರ ಕೋಣೆ ಸೇರುತ್ತಿದ್ದವು. ಕೈಯಲ್ಲಿ ಧಾನ್ಯ, ಬೆಣ್ಣೆ, ಬಟ್ಟೆಯಂಥ ಕಾಣಿಕೆಗಳಿರುತ್ತಿದ್ದವು. ಅವನ್ನು ಅಸ್ಮಾ ಬಡವರಿಗೆ, ನಿರಾಶ್ರಿತರಿಗೆ ಹಂಚಿಬಿಡುತ್ತಿದ್ದರು. ಜಾಜಿಯರು ಹೊಸ ಪದ್ಯ ಬಾಯಿಪಾಠ ಮಾಡಿ, ಅದರ ಅರ್ಥ ಕೇಳಿ ತಿಳಿದು, ಸಂಶಯಗಳಿಗೆ ಉತ್ತರ ಪಡೆದು ಹಿಂತಿರುಗುತ್ತಿದ್ದರು. ಊರಿಗೆ ಬಂದು, ಮನೆಯಿಂದ ಹೊರಬರಲಾಗದ ಆ ನಡುವಯಸ್ಸಿನ ತಾಯಂದಿರ ಅಂಗಳಕ್ಕೇ ಹೋಗಿ ಕಲಿಸುತ್ತಿದ್ದರು. ಗುರುಕುಲಕ್ಕೆ ಹೋಗಲಾಗದವಳ ಬಳಿಗೆ ಗುರುವೇ ಹೋಗುವ ಈ ಏರ್ಪಾಡಿನಲ್ಲಿ ಯಾರೂ ಸಂಸಾರ ಬಿಡಬೇಕಾಗಿಲ್ಲ, ಯಾರೂ ಅಜ್ಞಾನದಲ್ಲಿ ಉಳಿಯಬೇಕಾಗಿಯೂ ಇಲ್ಲ. ಮುಸ್ತಫಾ ಗೋನಿಯವರು ಬದುಕಿದ್ದು ಇದನ್ನು ನೋಡಿದ್ದರೆ ಯಾವ ಆಕ್ಷೇಪ ಎತ್ತುತ್ತಿದ್ದರೋ ಎಂಬ ಕುತೂಹಲ ನಮಗಿದೆ.

ಜಾಜಿಯಾಗಿ ನೇಮಕವಾದವಳಿಗೆ ಅಸ್ಮಾ ಒಂದು ಟೋಪಿ ಕೊಡುತ್ತಿದ್ದರು. ಹುಲ್ಲಿನಿಂದ ಹೆಣೆದ ಅಗಲ ಅಂಚಿನ ಟೋಪಿ, 'ಮಲ್ಫಾ' ಎಂದು ಹೆಸರು. ಅದಕ್ಕೊಂದು ಕೆಂಪು ಬಟ್ಟೆಯ ಪಟ್ಟಿ. ಇದು ಸಾಧಾರಣ ಟೋಪಿಯಲ್ಲ. ಗೋಬಿರಿನಲ್ಲಿ ಬೋರಿಯ ಯಜಮಾನಿ ಇನ್ನಾಳ ಅಧಿಕಾರದ ಗುರುತೇ ಮಲ್ಫಾ ಆಗಿತ್ತು. ಜನ ಯಾವ ತಲೆಯುಡುಪನ್ನು ಕಂಡು ತಲೆಬಾಗುತ್ತಿದ್ದರೋ ಅದನ್ನೇ ಅಸ್ಮಾ ಕುರ್‌ಆನ್ ಕಲಿಸುವವಳ ತಲೆಗೆ ಇಟ್ಟರು. ಹಳೆಯದನ್ನು ಬೈದು ಸುಡುವ ಬದಲು ಅದರ ಗೌರವವನ್ನು ಹೊಸ ಕೆಲಸಕ್ಕೆ ತಿರುಗಿಸಿಕೊಂಡ ಈ ಜಾಣ್ಮೆ ಅವರ ಅಣ್ಣ ತಮ್ಮಂದಿರ ಎಷ್ಟೋ ಯುದ್ಧಗಳಿಗಿಂತ ಹೆಚ್ಚಿನದು ಎಂದು ನಾವು ಧೈರ್ಯವಾಗಿ ಹೇಳುತ್ತೇವೆ. ಬೋರಿಯ ಬಳಿ ಓಡುತ್ತಿದ್ದ ರೋಗಿಗಳಿಗೂ ಅವರು ಬರಿಗೈ ತೋರಿಸಲಿಲ್ಲ. ಅಣ್ಣ ಬೆಲ್ಲೋ ಔಷಧಗಳ ಬಗ್ಗೆ ಹಲವು ಗ್ರಂಥ ಬರೆದವರು, ಅಸ್ಮಾ ಕೂಡ 1839ರಲ್ಲಿ ಕುರ್‌ಆನಿನ ಸೂರಾಗಳ ಮೂಲಕ ಶಮನ ಕೋರುವ ಬಗ್ಗೆ ಒಂದು ಪುಸ್ತಕ ರಚಿಸಿದರು.

ಕಲಿಸುವವರಿಗೆ ಆದರ್ಶಗಳು ಬೇಕು. ಬೆಲ್ಲೋ ಅವರು ಧರ್ಮನಿಷ್ಠ ಮಹಿಳೆಯರ ಕುರಿತು ಗದ್ಯದಲ್ಲಿ ಒಂದು ಕೃತಿ ಬರೆದಿದ್ದರು. ಅಸ್ಮಾ ಅದನ್ನು 1830ರ ದಶಕದಲ್ಲಿ ಪದ್ಯಕ್ಕೆ ತಂದರು, ಮೊದಲು ಫುಲ್ಫುಲ್ಡೆಯಲ್ಲಿ, ಆಮೇಲೆ ಹೌಸಾದಲ್ಲಿ. ಬಸರಾದ ರಾಬಿಆ ಮೊದಲಾದವರ ಸಾಲಿನಲ್ಲಿ ಅವರು ತಮ್ಮ ಜಮಾಅತ್‌ನ ಹೆಂಗಸರ ಹೆಸರುಗಳನ್ನೂ ಸೇರಿಸಿಬಿಟ್ಟರು. ಬಸರಾ, ಬಗ್ದಾದ್ ದೂರ. ಪಕ್ಕದ ಮನೆಯ ಅತ್ತೆಯ ಹೆಸರು ಅದೇ ಪಟ್ಟಿಯಲ್ಲಿ ಕೇಳಿಬಂದರೆ ಹಳ್ಳಿಯ ಹುಡುಗಿಯ ಕಿವಿ ನಿಮಿರುತ್ತದೆ.

ಅವರ ಶೋಕಗೀತೆಗಳನ್ನೂ ಹೀಗೆಯೇ ಓದಬೇಕು. 1837ರಲ್ಲಿ ತೀರಿಕೊಂಡ ಅಣ್ಣ ಬೆಲ್ಲೋಗಾಗಿ, ಮುಂದೆ ಗಂಡ ಗಿದಾದೊಗಾಗಿ ಬರೆದವು ಇವೆ, ರಾಜಮನೆತನದವರು ಬರೆಯುವುದು ಸಹಜ. ನಮ್ಮನ್ನು ಹಿಡಿದು ನಿಲ್ಲಿಸುವುದು ಸಾಮಾನ್ಯ ಹೆಂಗಸರ ಮೇಲಿನ ಗೀತೆಗಳು. ಹಲೀಮಾ ಎಂಬ ನೆರೆಯ ಹೆಂಗಸಿನ ದೊಡ್ಡತನವೆಂದರೆ ಸಹನೆ, ನಾಲ್ಕು ಜನರ ಜಗಳ ಬಿಡಿಸಿ ಹೊಂದಿಸುತ್ತಿದ್ದುದು. ಝಹರಾತು ಎಂಬಾಕೆ ಹೆಂಗಸರಿಗೆ ದೀನ್ ಕಲಿಸುತ್ತಿದ್ದಳು, ಹೆರಿಗೆಯ ಮನೆಗೂ ಮಯ್ಯಿತ್ ಸ್ನಾನಕ್ಕೂ ಕರೆದಾಗ ಇಲ್ಲವೆನ್ನದೆ ಹೋಗುತ್ತಿದ್ದಳು. ಹವ್ವಾ ಎಂಬ ಜಾಜಿ ತಂಡಗಳನ್ನು ಕರೆತರುತ್ತಿದ್ದವಳು. ಖಲೀಫರ ಸಹೋದರಿ ಇವರಿಗಾಗಿ ಲೇಖನಿ ಹಿಡಿದರು. ನಮ್ಮ ಪ್ರತಿ ಜಮಾಅತ್‌ನಲ್ಲೂ ಹೆಂಗಸರ ಮಯ್ಯಿತ್ ಮೀಯಿಸಲು ಹೊತ್ತಲ್ಲದ ಹೊತ್ತಿನಲ್ಲಿ ಎದ್ದು ಹೋಗುವ ಒಬ್ಬಿಬ್ಬರು ತಾಯಂದಿರು ಇದ್ದೇ ಇರುತ್ತಾರೆ. ಅವರ ಬಗ್ಗೆ ಯಾರಾದರೂ ಎರಡು ಸಾಲು ಬರೆದದ್ದನ್ನು ನಾವಂತೂ ಈವರೆಗೆ ಓದಿಲ್ಲ.

ಅಸ್ಮಾರನ್ನು ಜನ 'ಉವರ್ ಗಾರಿ' ಎಂದು ಕರೆದರು, ಊರಿನ ತಾಯಿ ಎಂದರ್ಥ. ಅವರು ಗಿದಾದೊ ಅವರ ಜೊತೆ ತಂದೆಯ, ಅಣ್ಣನ ಬರಹಗಳನ್ನು ಕಾಪಿಟ್ಟರು, ಯುದ್ಧಗಳ ಇತಿಹಾಸವನ್ನು ಪದ್ಯದಲ್ಲಿ ದಾಖಲಿಸಿದರು. ದೂರದ ಮಾರಿಟಾನಿಯಾದಿಂದ ಬಂದ ವಿದ್ವಾಂಸರೊಬ್ಬರನ್ನು ಅರಬಿ ಪದ್ಯದಲ್ಲೇ ಸ್ವಾಗತಿಸಿದರು. ಇಷ್ಟಾದರೂ ಅವರು ಆಳುವ ಪದವಿಗೇರಿದವರಲ್ಲ. ಖಲೀಫರಾಗಲಿ ಅಮೀರರಾಗಲಿ ಎಲ್ಲರೂ ಗಂಡಸರೇ. ಅಸ್ಮಾರ ನಾಯಕತ್ವ ಬೇರೆ ಬಗೆಯದು, ಹೆಂಗಸರು ಹೆಂಗಸರನ್ನೇ ನಾಯಕಿಯರಾಗಿ ಬೆಳೆಸುವಂಥದ್ದು.

ಇತಿಹಾಸ ಬರೆಯುವಾಗ ಸಿಹಿಯನ್ನಷ್ಟೇ ಬಡಿಸುವುದು ನ್ಯಾಯವಲ್ಲ. ಸೊಕೊಟೊ ಖಿಲಾಫತ್ ಗುಲಾಮರ ದುಡಿಮೆಯ ಮೇಲೆ ನಿಂತಿತ್ತು, ಆ ಕಾಲದಲ್ಲಿ ಲೋಕದಲ್ಲೇ ಅತಿ ಹೆಚ್ಚು ಗುಲಾಮರಿದ್ದ ರಾಜ್ಯಗಳಲ್ಲಿ ಅದೂ ಒಂದು. ದೊಡ್ಡ ಮನೆಯ ಹೆಂಗಸರಿಗೆ ಓದಲು ಬರೆಯಲು ಬಿಡುವು ಸಿಕ್ಕಿದ್ದು ನೀರು ಹೊರುವ, ಧಾನ್ಯ ಕುಟ್ಟುವ ಬೇರೆ ಕೈಗಳು ಇದ್ದುದರಿಂದ. ಯನ್ ತಾರು ಕಲಿಸಿದ ಎಷ್ಟೋ ಹೆಂಗಸರು ಅದೇ ಯುದ್ಧಗಳಲ್ಲಿ ಮನೆ, ಮಕ್ಕಳನ್ನು ಕಳೆದುಕೊಂಡು ಬಂದವರು. ಅಸ್ಮಾ ಅವರಿಗೆ ಅಕ್ಷರ ಕೊಟ್ಟರು, ದೀನ್ ಕೊಟ್ಟರು, ಸಮಾಜದಲ್ಲಿ ಒಂದು ಜಾಗವನ್ನೂ ಕೊಟ್ಟರು. ಅವರನ್ನು ಅಲ್ಲಿಗೆ ತಂದ ವ್ಯವಸ್ಥೆಯನ್ನು ಮಾತ್ರ ಪ್ರಶ್ನಿಸಲಿಲ್ಲ. ಇವೆರಡನ್ನೂ ಒಟ್ಟಿಗೆ ಹೇಳಬೇಕು.

1864ರಲ್ಲಿ ಅಸ್ಮಾ ಸೊಕೊಟೊದಲ್ಲಿ ಅಲ್ಲಾಹನೆಡೆಗೆ ಮರಳಿದರು. ತಮ್ಮ ಈಸಾ ಅವರಿಗಾಗಿ ಶೋಕಗೀತೆ ಬರೆದರು. ಯನ್ ತಾರುವಿನ ಹೊಣೆಯನ್ನು ತಂಗಿ ಮರ್ಯಮ್ ವಹಿಸಿಕೊಂಡರು, ಒಬ್ಬರ ನಂತರ ನಿಂತುಹೋಗುವ ಕೆಲಸ ಅದಾಗಲಿಲ್ಲ. 1903ರಲ್ಲಿ ಬ್ರಿಟಿಷರು ಸೊಕೊಟೊವನ್ನು ವಶಪಡಿಸಿಕೊಂಡರು. ಹೌಸಾ ಭಾಷೆಯನ್ನು ರೋಮನ್ ಲಿಪಿಯಲ್ಲಿ ಕಲಿಸುವ ಸರ್ಕಾರಿ ಶಾಲೆಗಳು ಬಂದವು, ಅಜಮಿ ಬಲ್ಲವರ ಓದು ಬರಹಕ್ಕೆ ಕಚೇರಿಗಳಲ್ಲಿ ಬೆಲೆ ಇಳಿಯಿತು. ನಾಲ್ಕು ಭಾಷೆ ಬಲ್ಲ ವಿದುಷಿಯ ನಾಡಿನ ಹೆಂಗಸರು ಅನಕ್ಷರಸ್ಥರ ಪಟ್ಟಿಗೆ ಸೇರಿದರು.

ಅಸ್ಮಾರ ಕೈಬರಹಗಳು ಮಾತ್ರ ಗಿದಾದೊ ವಂಶದ ಮನೆಯಲ್ಲಿ ಚರ್ಮದ ಚೀಲದಲ್ಲಿ ಉಳಿದುಕೊಂಡವು. ಅದೇ ವಂಶದವರಾದ, ಸ್ವತಃ ಇತಿಹಾಸಕಾರರಾದ ವಝೀರ್ ಜುನೈದು ಅವರು ಅವುಗಳನ್ನು ಜೀನ್ ಬಾಯ್ಡ್ ಎಂಬ ಬ್ರಿಟಿಷ್ ಶಿಕ್ಷಕಿಗೆ ತೋರಿಸಿದರು. ಉತ್ತರ ನೈಜೀರಿಯಾದಲ್ಲಿ ಹಲವು ವರ್ಷ ಕೆಲಸ ಮಾಡಿದ್ದ ಬಾಯ್ಡ್ 1989ರಲ್ಲಿ ಅಸ್ಮಾರ ಜೀವನಚರಿತ್ರೆ ಪ್ರಕಟಿಸಿದರು. 1997ರಲ್ಲಿ ಬೆವರ್ಲಿ ಮ್ಯಾಕ್ ಜೊತೆಗೂಡಿ ಸಮಗ್ರ ಕೃತಿಗಳನ್ನು ಇಂಗ್ಲಿಷಿಗೆ ತಂದರು. ಹೊರಜಗತ್ತಿಗೆ ಇದು ಹೊಸ ಸಂಶೋಧನೆ. ಸೊಕೊಟೊದ ಮುದುಕಿಯರಿಗೆ ಅಲ್ಲ. ಅವರು ಆ ಪದ್ಯಗಳನ್ನು ತಾಯಿಯ ಬಾಯಿಂದ ಕೇಳಿ ಕಲಿತವರು, ಮಲ್ಫಾ ತೊಟ್ಟ ಜಾಜಿಯರು ಇಪ್ಪತ್ತನೇ ಶತಮಾನದ ಕೊನೆಯ ದಶಕಗಳಲ್ಲೂ ಅಲ್ಲಿದ್ದರು. ಇಂದು ಅಮೆರಿಕದ ಕೆಲವು ಆಫ್ರಿಕನ್ ಮೂಲದ ಮುಸ್ಲಿಮ್ ಮಹಿಳೆಯರೂ ತಮ್ಮ ಅಧ್ಯಯನ ಕೂಟಕ್ಕೆ ಯನ್ ತಾರು ಎಂದೇ ಹೆಸರಿಟ್ಟುಕೊಂಡು ಅಸ್ಮಾರ ಪದ್ಯಗಳನ್ನು ಓದುತ್ತಿದ್ದಾರೆ.